ಕಡಲ್ ಪಾಸಿ, ಕಲ್ ಪಾಸಿ ಮತ್ತು ಜುಬೈಲಿನಿಂದ ಬಂದ ಪುಡಿ

ಕೀಳ್ ಕೋತಗಿರಿಯ ದಿನಸಿ ಅಂಗಡಿಯಲ್ಲಿ ಎರಡು ಬಗೆಯ ‘ಪಾಸಿ’ ಸಿಗುತ್ತದೆ. ತಮಿಳಿನ ಪಾಸಿ ಎಂದರೆ ನಮ್ಮ ಪಾಚಿ. ಒಂದು ಕಲ್ ಪಾಸಿ, ಅಂದರೆ ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂವು. ಇನ್ನೊಂದು ಕಡಲ್ ಪಾಸಿ, ಅಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ನೋಂಬು ಬಂತೆಂದರೆ ಹುಡುಕುವ ಚೈನಾ ಗ್ರಾಸ್. ನಾವು ಇಲ್ಲಿಗೆ ಬಂದ ಮೊದಲ ವರ್ಷದ ನೋಂಬಿನಲ್ಲಿ ಮಗನನ್ನು ಕಡಲ್ ಪಾಸಿ ತರಲು ಕಳಿಸಿದ್ದೆ. ಹಾಲು ಒಲೆಯ ಮೇಲಿತ್ತು. ಅವನು ತಂದದ್ದು 50 ಗ್ರಾಂ ಕಲ್ಲುಹೂವು. ಆ ಸಂಜೆ ಪುಡ್ಡಿಂಗ್ ಆಗಲಿಲ್ಲ, ಕಲ್ಲುಹೂವು ಮಾತ್ರ ಪೆರ್ನಾಲಿನ ಬಿರಿಯಾನಿಯವರೆಗೂ ಬಂತು.

ಆ ಎರಡನ್ನು ಗುರುತಿಸುವುದು ಸುಲಭ. ಒಂದು ಕಪ್ಪು ಬೂದಿ ಬಣ್ಣದ ಒಣ ಚೂರು, ಇನ್ನೊಂದು ಪ್ಲಾಸ್ಟಿಕ್ ದಾರದಂತೆ ಹೊಳೆಯುವ ಬಿಳಿ ಎಳೆ. ಹೆಸರು ಮಾತ್ರ ಹತ್ತಿರ. ಆದರೆ ಕಡಲ್ ಪಾಸಿ ಎಂಬ ಒಂದೇ ಹೆಸರಿನೊಳಗೆ ಎಷ್ಟು ಬೇರೆ ಬೇರೆ ಗಿಡಗಳು ಅಡಗಿವೆ, ಅವುಗಳನ್ನು ಬೇರೆ ಮಾಡಿ ನೋಡುವುದು ಎಷ್ಟು ಕಷ್ಟ, ಅದು ಯಾಕೆ ಬೇಕು ಎನ್ನುವುದು ನಮ್ಮ ಮನೆಯಲ್ಲಿ ಕಳೆದ ವರ್ಷ ದೊಡ್ಡ ವಿಷಯವಾಯಿತು. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ಓದಿದವಳು. ಮದುವೆಯಾಗಿ, ನಮ್ಮವರ ಎಸ್ಟೇಟ್ ಕೆಲಸದ ಹಿಂದೆ ಈ ಚಹಾ ಬೆಟ್ಟಕ್ಕೆ ಬಂದ ಮೇಲೆ ಆ ಓದನ್ನು ಯಾರೂ ಕೇಳಿರಲಿಲ್ಲ. ಕಡಲಿಂದ ಇಷ್ಟು ದೂರ, ಇಷ್ಟು ಎತ್ತರದಲ್ಲಿ ಕೂತವಳಿಗೆ ಕಡಲಪಾಚಿಯ ಬಗ್ಗೆ ಫೋನ್ ಬರಲು ಶುರುವಾದದ್ದು ಒಂದು ಥರದ ತಮಾಷೆಯೇ.

ಮೊದಲು ನಮ್ಮ ಬಿಳಿ ಎಳೆಯ ಮಾತು. ಅದು ಹುಲ್ಲಲ್ಲ, ಬಿಳಿಯ ಗಿಡದ್ದೂ ಅಲ್ಲ. ಕಡಲಿನ ಕೆಂಪು ಪಾಚಿಗಳನ್ನು ತೊಳೆದು, ಬೇಯಿಸಿ, ಸೋಸಿ ತೆಗೆದ ಅಂಟು. ಅದಕ್ಕೆ ಅಗರ್ ಅಥವಾ ಅಗರ್-ಅಗರ್ ಎನ್ನುತ್ತಾರೆ, ಅದು ಮಲಯ ಭಾಷೆಯ ಮಾತು. ಕೆಂಪು ಪಾಚಿಯ ಕೆಂಪು ಫೈಕೋಎರಿಥ್ರಿನ್ ಎಂಬ ಬಣ್ಣದಿಂದ ಬರುತ್ತದೆ. ಅದು ನೀರಿನಲ್ಲಿ ಕರಗುವ ಬಣ್ಣ, ಬಿಸಿಲಿಗೆ ಮತ್ತು ಬಿಸಿಗೆ ನಿಲ್ಲುವುದಿಲ್ಲ. ದಡದಲ್ಲಿ ನಾಲ್ಕು ದಿನ ನೀರು ಚಿಮುಕಿಸಿ ಒಣಗಿಸಿದರೆ ನೇರಳೆಯ ಪಾಚಿ ಹುಲ್ಲಿನ ಬಣ್ಣಕ್ಕೆ ಬರುತ್ತದೆ. ಜಪಾನಿನಲ್ಲಿ ಹೇಳುವ ಕತೆಯ ಪ್ರಕಾರ, 1658ರ ಸುಮಾರಿಗೆ ಮಿನೋಯಾ ತಾರೋಜಯೆಮೋನ್ ಎಂಬ ವಸತಿಗೃಹದವನು ಉಳಿದ ಪಾಚಿ ಸಾರನ್ನು ಚಳಿಗಾಲದ ರಾತ್ರಿ ಹೊರಗೆ ಸುರಿದ. ಅದು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಒಣಗಿ ಎಳೆಯಾಯಿತು. ಮತ್ತೆ ಕುದಿಸಿದರೆ ಮತ್ತೆ ಗಟ್ಟಿಯಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಕಫ, ಮೂತ್ರದ ಕಲ್ಚರ್ ಟೆಸ್ಟಿಗೆ ಗಾಜಿನ ತಟ್ಟೆಯಲ್ಲಿ ಹಾಕುವ ಜೆಲ್ಲಿಯೂ ಇದೇ. 1881ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಬೇಸಗೆಯಲ್ಲಿ ಜೆಲಾಟಿನ್ ಕರಗಿ ತೊಂದರೆಯಾದಾಗ, ಅಗರ್ ಹಾಕಿ ನೋಡಿ ಎಂದವರು ಅವರ ಹೆಂಡತಿ ಫ್ಯಾನಿ ಹೆಸ್ಸೆ. ಜಾವಾದಲ್ಲಿದ್ದು ಬಂದ ಪರಿಚಯದವರಿಂದ ಅವರು ಅದನ್ನು ತಮ್ಮ ಅಡುಗೆಮನೆಗೆ ಕಲಿತಿದ್ದರು. ಅಡುಗೆಮನೆಯ ಮಾತನ್ನು ವಿಜ್ಞಾನ ಕೇಳಿಸಿಕೊಂಡ ಅಪರೂಪದ ಸಲ ಅದು.

ಜೆಲಾಟಿನ್ ಎಂದೆನಲ್ಲ. ನಮ್ಮವರ ಮೊದಲ ಪ್ರಶ್ನೆ ಯಾವಾಗಲೂ ಅದೇ. ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಗಳಿಂದ ಬರುವಂಥದ್ದು. ಯಾವ ಪ್ರಾಣಿ, ಹೇಗೆ ಕೊಯ್ದದ್ದು ಎಂದು ಗೊತ್ತಿಲ್ಲದಿದ್ದರೆ ನಮ್ಮ ಮನೆಯಲ್ಲಿ ಮುಟ್ಟುವುದಿಲ್ಲ. ಪಕ್ಕದ ಮನೆಯ ಬಡಗ ಅಜ್ಜಿಯೂ ನಾನು ಕೊಟ್ಟ ಬಟ್ಟಲನ್ನು ಕೈಯಲ್ಲಿ ಹಿಡಿದು ಮೊದಲು ಕೇಳಿದ್ದು ಇದು ಮೂಳೆಯದ್ದಾ ಎಂದೇ. ನನ್ನ ಕನ್ನಡ ಅವರಿಗೆ, ಅವರ ಬಡಗ ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ, ಹಾಗಾಗಿ ವಿವರಿಸುವುದು ಕಷ್ಟವಾಗಲಿಲ್ಲ. ಉಳ್ಳಾಲದಲ್ಲಿ ಉಮ್ಮನ ಪರೀಕ್ಷೆ ಬಹಳ ಸರಳ: ಫ್ರಿಜ್ ಇಲ್ಲದೆ ಹೊರಗೆ ಗಟ್ಟಿಯಾದರೆ ಅಗರ್, ಆಗದಿದ್ದರೆ ಜೆಲಾಟಿನ್. ಅಗರ್ 35–40 ಡಿಗ್ರಿಗೇ ಗಟ್ಟಿಯಾಗುತ್ತದೆ, ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ಜೆಲಾಟಿನ್ ಬಾಯಿಯ ಬಿಸಿಗೇ ಕರಗುತ್ತದೆ. ಆದರೆ ಉಮ್ಮನ ಪರೀಕ್ಷೆ ಕೀಳ್ ಕೋತಗಿರಿಯಲ್ಲಿ ನಡೆಯುವುದಿಲ್ಲ. ಇಲ್ಲಿನ ಡಿಸೆಂಬರ್ ಚಳಿಗೆ ಕಿಟಕಿಯ ಬಳಿ ಇಟ್ಟರೆ ಜೆಲಾಟಿನ್ ಕೂಡ ಗಟ್ಟಿಯಾಗುತ್ತದೆ. ಇಲ್ಲಿ ನಾನು ಒಂದು ಚೂರು ಜೆಲ್ಲಿಯನ್ನು ಕುಡಿಯುವಷ್ಟು ಬಿಸಿ ಇರುವ ನೀರಿಗೆ ಹಾಕಿ ನೋಡುತ್ತೇನೆ. ಜೆಲಾಟಿನ್ ಮಾಯವಾಗುತ್ತದೆ, ಅಗರ್ ಹಾಗೇ ಕೂತಿರುತ್ತದೆ.

ಇದರಿಂದ ಪ್ರಾಣಿಯದ್ದೋ ಪಾಚಿಯದ್ದೋ ಎಂದು ತಿಳಿಯುತ್ತದೆ. ಯಾವ ಪಾಚಿ ಎಂದು ತಿಳಿಯುವುದಿಲ್ಲ. ನಮ್ಮ ನಾದಿನಿಗೆ ಬೇಕಾಗಿದ್ದದ್ದು ಅದು.

ನಾದಿನಿ ಉಳ್ಳಾಲದಲ್ಲಿದ್ದಾರೆ. ನಮ್ಮವರಿಗಿಂತ ಎಂಟು ವರ್ಷ ದೊಡ್ಡವರು. ಥೈರಾಯಿಡ್ ತೊಂದರೆಗೆ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಮಗ ಜುಬೈಲಿನಲ್ಲಿ ಕೆಲಸ. ಅವನು ಕಳೆದ ವರ್ಷ ಊರಿಗೆ ಬರುವವರ ಕೈಯಲ್ಲಿ ‘ಸೀ ಮಾಸ್’ ಎಂದು ಬರೆದ ಎರಡು ಡಬ್ಬ ಪುಡಿ ಕಳಿಸಿದ. ಫೋನಿನಲ್ಲಿ ಎಲ್ಲ ಕಡೆ ಅದರದ್ದೇ ವಿಡಿಯೋ ನೋಡಿದ್ದನಂತೆ: ಸುಸ್ತಿಗೆ, ಕೂದಲಿಗೆ, ಗಂಟು ನೋವಿಗೆ, ಥೈರಾಯಿಡಿಗೂ. ಬೆಲೆ ಕಡಿಮೆಯೇನಿಲ್ಲ. ನಾದಿನಿ ಬೆಳಿಗ್ಗೆ ಒಂದು ಚಮಚ ಬಿಸಿ ನೀರಿನಲ್ಲಿ ಕುಡಿಯಲು ಶುರು ಮಾಡಿದರು. ಒಂದೂವರೆ ತಿಂಗಳ ನಂತರ ಎದೆ ಬಡಿತ ಹೆಚ್ಚು, ನಿದ್ದೆ ಇಲ್ಲ ಎಂದು ಡಾಕ್ಟರ ಹತ್ತಿರ ಹೋದರು. ರಕ್ತಪರೀಕ್ಷೆಯ ಸಂಖ್ಯೆ ಮೊದಲಿನಂತಿರಲಿಲ್ಲ. ಹೊಸದಾಗಿ ಏನಾದರೂ ತಿನ್ನುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಪುಡಿಯ ವಿಷಯ ಹೇಳಿದಾಗ ಅವರ ಮುಂದಿನ ಪ್ರಶ್ನೆ, ಯಾವ ಪಾಚಿ? ನಾದಿನಿ ಕ್ಲಿನಿಕ್ಕಿನ ಹೊರಗಿನಿಂದಲೇ ನನಗೆ ಡಬ್ಬದ ಫೋಟೋ ಕಳಿಸಿದರು.

ಡಾಕ್ಟರ ಪ್ರಶ್ನೆ ಸರಿಯಾದದ್ದು. ಥೈರಾಯಿಡ್ ಕೆಲಸ ಮಾಡುವುದು ಅಯೋಡಿನ್‌ನಿಂದ. ಅದು ಕಡಿಮೆಯಾದರೂ ಕಷ್ಟ, ವಿಪರೀತವಾದರೂ ಕಷ್ಟ. ಕಡಲಪಾಚಿ ಅಯೋಡಿನ್ ಹೀರಿಕೊಳ್ಳುತ್ತದೆ, ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಅಲ್ಲ. ಕೆಲ್ಪ್ ಎಂಬ ಕಂದು ಪಾಚಿಗಳಲ್ಲಿ ಅದು ಬಹಳ ಹೆಚ್ಚು. ಕೆಂಪು ಪಾಚಿಗಳಲ್ಲಿ ಜಾತಿಯಿಂದ ಜಾತಿಗೆ, ಕಡಲಿನಿಂದ ಕಡಲಿಗೆ ಬದಲಾಗುತ್ತದೆ. ನಮ್ಮ ಪುಡ್ಡಿಂಗಿನ ಅಗರ್ ಬೇಯಿಸಿ ಸೋಸಿದ ಅಂಟು, ಅದನ್ನು ತಿನ್ನುವುದೂ ನೋಂಬಿನಲ್ಲಿ ಬಟ್ಟಲಿಗೆ ಒಂದೆರಡು ಗ್ರಾಂ. ಆ ಪುಡಿಯಾದರೋ ಇಡೀ ಪಾಚಿಯನ್ನು ಒಣಗಿಸಿ ಬೀಸಿದ್ದು, ದಿನವೂ ಕುಡಿಯುವಂಥದ್ದು. ಎರಡಕ್ಕೂ ‘ಕಡಲಪಾಚಿ’ ಎಂದರೆ ಅಕ್ಕಿಗೂ ಅಕ್ಕಿಯ ಗಂಜಿನೀರಿಗೂ ಒಂದೇ ಲೆಕ್ಕ ಹಾಕಿದಂತೆ.

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಸೀ ಮಾಸ್, ಕೆಳಗೆ ಐರಿಶ್ ಮಾಸ್ ಎಂದಿತ್ತು. ಸಸ್ಯಶಾಸ್ತ್ರದ ಹೆಸರು ಎಲ್ಲೂ ಇರಲಿಲ್ಲ. ಐರಿಶ್ ಮಾಸ್ ಎಂಬುದು ಕಾಂಡ್ರಸ್ ಕ್ರಿಸ್ಪಸ್, ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ಬಂಡೆಗಳ ಮೇಲೆ ಬೆಳೆಯುವ ಕೆಂಪು ಪಾಚಿ. ಬೀಸಣಿಗೆಯಂತೆ ಚಪ್ಪಟೆಯಾಗಿ, ತುದಿಯಲ್ಲಿ ಎರಡಾಗಿ ಸೀಳುತ್ತ ಹೋಗುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಸೀ ಮಾಸ್ ಎಂದರೆ ಗ್ರಾಸಿಲೇರಿಯಾ ಮತ್ತು ಯೂಕೀಮಾ, ಬೇರೆಯೇ ಗಿಡಗಳು. ಈಗ ಅದೇ ಹೆಸರಿನಲ್ಲಿ ಏಷ್ಯಾದ ಕಡಲುಗಳಲ್ಲಿ ಸಾಕಿದ ಕಪ್ಪಾಫೈಕಸ್ ಮತ್ತು ಯೂಕೀಮಾ ಕೂಡ ಮಾರುಕಟ್ಟೆಗೆ ಬರುತ್ತವೆ. ಪುಡಿಯಾದ ಮೇಲೆ ಎಲ್ಲವೂ ಒಂದೇ ಬಣ್ಣ.

ಇವುಗಳನ್ನು ಕಣ್ಣಿನಿಂದ ಬೇರೆ ಮಾಡುವುದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ಕಲಿತದ್ದು ಏರ್ವಾಡಿಯಲ್ಲಿ. ಕಾಲೇಜಿನಲ್ಲಿದ್ದಾಗ ಸೋಮೇಶ್ವರದ ಬಂಡೆಗಳ ಮೇಲೆ ಇಳಿತದ ಹೊತ್ತಿನಲ್ಲಿ ಗ್ರಾಸಿಲೇರಿಯಾ ಕಾರ್ಟಿಕೇಟಾ ಕಿತ್ತು ಹಾಳೆಗೆ ಅಂಟಿಸಿದ್ದೆ: ಕಿರಿದಾದ, ಚಪ್ಪಟೆ, ಚರ್ಮದಂಥ ಪಟ್ಟಿಗಳು. ಅದೊಂದನ್ನು ನೋಡಿ ಗ್ರಾಸಿಲೇರಿಯಾ ಎಂದರೆ ಹೀಗೇ ಎಂದುಕೊಂಡವರು ಮುಂದಿನದ್ದನ್ನು ಗುರುತಿಸಲಾರರು. ಎರಡು ವರ್ಷದ ಹಿಂದೆ ಮನೆಮಂದಿಯೆಲ್ಲ ಏರ್ವಾಡಿ ದರ್ಗಾಕ್ಕೆ ಹೋದಾಗ ಹತ್ತಿರದ ಕಡಲತಡಿಯಲ್ಲಿ ಹೆಂಗಸರು ಮರಳ ಮೇಲೆ ಪಾಚಿ ಹರಡಿ ಒಣಗಿಸುತ್ತಿದ್ದರು. ರಾಮನಾಥಪುರ ಜಿಲ್ಲೆಯ ಆ ತೀರದಲ್ಲಿ ಕಣ್ಣಿಗೆ ಗಾಜು, ಕೈಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಳುಗಿ ಪಾಚಿ ಕೀಳುವುದು ತಲೆಮಾರುಗಳಿಂದ ಹೆಂಗಸರ ಕೆಲಸ. ನಮ್ಮವರು ಮಕ್ಕಳನ್ನು ಕರೆದುಕೊಂಡು ಚಹಾ ಕುಡಿಯಲು ಹೋದರು. ನಾನು ಒಂದು ಗಂಟೆ ಅಲ್ಲೇ ಕೂತೆ.

ಅವರ ಹೆಸರುಗಳು ಎಷ್ಟು ಚೆಂದ. ಜೆಲಿಡಿಯೆಲ್ಲಾ ಅಸೆರೋಸಾ ಅವರಿಗೆ ಮರಿಕ್ಕೊಳುಂದು ಪಾಸಿ. ಮರಿಕ್ಕೊಳುಂದು ಎಂದರೆ ನಮ್ಮ ದವನ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ ಯಾಕೆಂದು: ತಂತಿಯಂತೆ ಬಿರುಸಾದ ಗೇಣಿಗಿಂತ ಚಿಕ್ಕ ಕಡ್ಡಿ, ಅದರ ಎರಡೂ ಬದಿಗೆ ಗರಿಯಂತೆ ಸಣ್ಣ ಸಣ್ಣ ಕವಲು. ಗ್ರಾಸಿಲೇರಿಯಾ ಎಡುಲಿಸ್ ಕಂಜಿ ಪಾಸಿ, ಗಂಜಿ ಕಾಯಿಸುವ ಪಾಚಿ. ಅದು ದುಂಡು ಎಳೆ, ಮೆತ್ತಗೆ ಮಾಂಸಲ, ಒಂದು ಎರಡಾಗಿ ಎರಡು ನಾಲ್ಕಾಗಿ ಕವಲೊಡೆಯುವ ಪೊದೆ. ಕಂದು ಪಾಚಿಯಾದ ಟರ್ಬಿನೇರಿಯಾಕ್ಕೆ ಪಕೋಡಾ ಪಾಸಿ ಎನ್ನುತ್ತಾರೆ, ನೋಡಿದರೆ ನಗು ಬರುತ್ತದೆ, ನಿಜಕ್ಕೂ ಪಕೋಡದ ಹಾಗೇ ಇದೆ. ಮರಿಕ್ಕೊಳುಂದಿನ ಅಗರ್ ಗಟ್ಟಿ, ಲ್ಯಾಬಿಗೂ ಆಗುವಂಥದ್ದು, ಹಾಗಾಗಿ ಬೆಲೆ ಜಾಸ್ತಿ. ಕಂಜಿ ಪಾಸಿಯದ್ದು ಮೆದು, ತಿನ್ನುವುದಕ್ಕೆ. ಎರಡು ಬೆರೆತರೆ ವ್ಯಾಪಾರಿ ಕಡಿಮೆ ಬೆಲೆಯದ್ದರ ಲೆಕ್ಕದಲ್ಲೇ ಕೊಳ್ಳುತ್ತಾನೆ. ಗುರುತಿಸುವುದು ಅವರಿಗೆ ಆ ದಿನದ ಕೂಲಿಯ ಪ್ರಶ್ನೆ.

ಆ ರಾಶಿಯ ನಡುವೆ ಬೇಡದ ಎಳೆಗಳನ್ನು ಒಬ್ಬ ಅಕ್ಕ ನೋಡದೆಯೇ ಎಂಬಂತೆ ಆರಿಸಿ ಎಸೆಯುತ್ತಿದ್ದರು. ಒಂದೊಂದನ್ನೂ ತೋರಿಸಿ ಎಂದೆ. ಒಂದರ ತುದಿ ಕೊಕ್ಕೆಯಂತೆ ಬಾಗಿತ್ತು, ಬೇರೆ ಪಾಚಿಗೆ ಸಿಕ್ಕಿಕೊಂಡು ಬಂದಿತ್ತು: ಹಿಪ್ನಿಯಾ. ಇನ್ನೊಂದನ್ನು ಬೆರಳಿನಲ್ಲಿ ಉಜ್ಜಿ ಎಂದರು, ಸಣ್ಣ ಕವಲುಗಳಲ್ಲಿ ಮುಳ್ಳು ಮುಳ್ಳು, ನಡುಕಡ್ಡಿ ಮಾತ್ರ ನುಣುಪು: ಅಕಾಂಥೋಫೋರಾ. ಮೂರನೆಯದರ ತುದಿ ಮೊಂಡು, ನಡುವೆ ಸೂಜಿಮೊನೆಯಷ್ಟು ಗುಳಿ, ಅದನ್ನು ನೋಡಲು ನನಗೆ ಕನ್ನಡಕ ಬೇಕಾಯಿತು: ಲಾರೆನ್ಸಿಯಾ. ಅವರಿಗೆ ಲ್ಯಾಟಿನ್ ಹೆಸರು ಬೇಡ, ನನಗೆ ಅವರ ಬೆರಳು ಇಲ್ಲ. ನೀರಿನಡಿ ಮಬ್ಬಿನಲ್ಲಿ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, ಕೈಗೆ ಗೊತ್ತಾಗುತ್ತದೆ ಎಂದರು. 1986ರಲ್ಲಿ ಮನ್ನಾರ್ ಕೊಲ್ಲಿಯ ದ್ವೀಪಗಳು ರಾಷ್ಟ್ರೀಯ ಉದ್ಯಾನವಾದ ಮೇಲೆ ಆ ಕೈಗಳಿಗೆ ಹಳೆಯ ಜಾಗಗಳಿಗೆ ಹೋಗುವುದೇ ಜಗಳದ ವಿಷಯವಾಗಿದೆ. ಪಾಂಬನ್ ಹತ್ತಿರದ ಚಿನ್ನಪಾಲಂನ ಲಕ್ಷ್ಮಿ ಎಂಬವರು ಈ ಹೆಂಗಸರನ್ನು ಒಗ್ಗೂಡಿಸಿದ್ದಕ್ಕೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಪಡೆದರು.

ಬಣ್ಣವನ್ನು ಮಾತ್ರ ಯಾರೂ ನಂಬುವುದಿಲ್ಲ. ಮಂಡಪಂ ಕಡೆ ಬಿದಿರಿನ ತೆಪ್ಪಗಳಿಗೆ ಕಟ್ಟಿ ಸಾಕುವ ಕಪ್ಪಾಫೈಕಸ್ ಅಲ್ವಾರೆಜೀ ಕೆಂಪು ಪಾಚಿಗಳ ಗುಂಪಿನದ್ದೇ, ಆದರೆ ಹಸಿರಾಗಿಯೂ ಇರುತ್ತದೆ, ಕಂದಾಗಿಯೂ ಇರುತ್ತದೆ. ಅದು ಇಲ್ಲಿನ ಗಿಡವಲ್ಲ, ಹೊರಗಿನಿಂದ ತಂದದ್ದು. ಸುಮಾರು 45 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಅನೇಕ ಮನೆಗಳಿಗೆ ಅನ್ನ ಕೊಟ್ಟಿದೆ. ಕುರುಸಡೈ ದ್ವೀಪದಲ್ಲಿ ಹವಳದ ಮೇಲೆ ಹರಡಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅದರಿಂದ ಬರುವ ಅಂಟು ಅಗರ್ ಅಲ್ಲ, ಕ್ಯಾರಗಿನಾನ್: ಐಸ್‌ಕ್ರೀಂ, ಚಾಕೊಲೇಟ್ ಹಾಲಿನ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು.

ಸರಿಯಾದ ಹೆಸರು ಗೊತ್ತಾದರೆ ಎಲ್ಲ ಗೊತ್ತಾಯಿತು ಎಂದೂ ಅಲ್ಲ. 1991ರ ಏಪ್ರಿಲಿನಲ್ಲಿ ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ದಡದ ಕೆಂಪು ಪಾಚಿ ತಿಂದು 13 ಜನ ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ಆ ಪಾಚಿಯನ್ನು ಆಗ ಪಾಲಿಕ್ಯಾವೆರ್ನೋಸಾ ಸುಡಾಯಿ ಎಂದು ಕರೆಯುತ್ತಿದ್ದರು, ಆಮೇಲೆ ಗ್ರಾಸಿಲೇರಿಯಾ ಎಡುಲಿಸ್‌ಗೇ ಸೇರಿಸಿದರು. ಏರ್ವಾಡಿಯ ಕಂಜಿ ಪಾಸಿಗೆ ಇರುವ ಹೆಸರೇ ಅದು. ಅಲ್ಲಿನ ಜನ ಅದನ್ನು ಮೊದಲೂ ತಿನ್ನುತ್ತಿದ್ದರು, ಇಲ್ಲಿನವರು ಗಂಜಿ ಮಾಡಿ ಕುಡಿದಿದ್ದಾರೆ. ಯಾವ ಕಡಲು, ಯಾವ ತಿಂಗಳು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಹೇಳುವುದು ಯಾರನ್ನೂ ಹೆದರಿಸಲು ಅಲ್ಲ, ಹೆಸರೂ ಊರೂ ಇಲ್ಲದ ಡಬ್ಬಕ್ಕೆ ನಾವು ಎಷ್ಟು ನಂಬಿಕೆ ಕೊಡುತ್ತೇವೆ ಎಂದು ತೋರಿಸಲು.

ವಿಜ್ಞಾನಿಗಳೂ ಇದರಲ್ಲಿ ಬಹಳ ಕಾಲ ತಡವರಿಸಿದ್ದಾರೆ. ದುಂಡಗೆ ದಾರದಂತಿರುವ ಯಾವ ಪಾಚಿ ಸಿಕ್ಕಿದರೂ ಗ್ರಾಸಿಲೇರಿಯಾ ವೆರುಕೋಸಾ ಎಂದು ಲೋಕವೆಲ್ಲ ಬರೆಯುತ್ತಿತ್ತು. 1995ರಲ್ಲಿ ಆ ಹೆಸರಿನ ಗೋಜಲನ್ನು ಬಿಡಿಸಿದಾಗ ಬ್ರಿಟನ್ನಿನ ತೀರದಲ್ಲೇ ಅದರೊಳಗೆ ಎರಡು ಬೇರೆ ಕುಲಗಳ ಗಿಡಗಳಿದ್ದವು. ಈಗ ಇವುಗಳನ್ನು ಖಚಿತವಾಗಿ ಹೇಳಬೇಕಾದರೆ ಗಂಡು ಹೆಣ್ಣು ಗಿಡಗಳ ಬೀಜಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಇಲ್ಲವೇ ಡಿಎನ್‌ಎ ಓದಬೇಕು. ಇದರ ತಿರುಗಾಮುರುಗಾ ಕತೆಯೂ ಇದೆ. ಚಿಪ್ಪಿನೊಳಗೆ ಗುಲಾಬಿ ನೂಲಿನಂತೆ ಬೆಳೆಯುವ ಕಾಂಕೋಸೆಲಿಸ್ ಎಂಬುದನ್ನು ಪುಸ್ತಕಗಳು ಬೇರೆಯೇ ಪಾಚಿ ಎಂದು ಬರೆದಿದ್ದವು. 1949ರಲ್ಲಿ ಮ್ಯಾಂಚೆಸ್ಟರಿನ ಕ್ಯಾಥ್ಲೀನ್ ಡ್ರೂ-ಬೇಕರ್ ಅದು ಪೋರ್ಫೈರಾ ಎಂಬ ಹಾಳೆಯಂಥ ಪಾಚಿಯ ಇನ್ನೊಂದು ಅವಸ್ಥೆ ಎಂದು ತೋರಿಸಿದರು. ಜಪಾನಿನವರು ಅನ್ನಕ್ಕೆ ಸುತ್ತಿ ತಿನ್ನುವ ನೋರಿಯ ಬೇಸಾಯ ಗಟ್ಟಿಯಾಗಿ ನಿಂತದ್ದು ಆ ಒಂದು ಪುಟ್ಟ ಬರಹದಿಂದ. ಉತೋ ಎಂಬ ಊರಿನಲ್ಲಿ ಅವರ ಸ್ಮಾರಕ ಇದೆ. ಅವರು ಜಪಾನಿಗೆ ಹೋದವರೇ ಅಲ್ಲ.

ಇಷ್ಟೆಲ್ಲ ಓದಿದವಳಾಗಿ ನಾದಿನಿಗೆ ನಾನು ಹೇಳಬಹುದಾದದ್ದು ಒಂದೇ ಮಾತು: ಪುಡಿಯನ್ನು ನೋಡಿ ಯಾರೂ ಏನೂ ಹೇಳಲಾರರು. ಡಾಕ್ಟರು ಹೇಳಿದ್ದೂ ಅದೇ, ಹೆಸರು ಗೊತ್ತಾಗುವವರೆಗೆ ನಿಲ್ಲಿಸಿ, ಆರು ವಾರ ಬಿಟ್ಟು ರಕ್ತ ನೋಡೋಣ. ಏರುಪೇರು ಪುಡಿಯಿಂದಲೇ ಆಯಿತು ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಕಷ್ಟವಾದದ್ದು ಔಷಧದ ವಿಷಯ ಅಲ್ಲ. ಮಗ ಓವರ್‌ಟೈಮ್ ಮಾಡಿ ಉಮ್ಮನಿಗೆ ಕಳಿಸಿದ್ದನ್ನು ಉಮ್ಮ ಕಪಾಟಿನಲ್ಲಿಟ್ಟಿದ್ದಾರೆ ಎಂದು ಅವನಿಗೆ ಯಾರು ಹೇಳುವುದು? ಮಾಮಿ, ದಿನಕ್ಕೆ ಅರ್ಧ ಚಮಚವಾದರೂ ಕುಡಿ, ಹುಡುಗನ ಮನಸ್ಸು ನೋಯಿಸಬೇಡ ಎಂದರು. ನಾದಿನಿ ಕುಡಿಯುತ್ತೇನೆ ಎಂದೂ ಅವನಿಗೆ ಹೇಳಲಾರರು, ಇಲ್ಲ ಎಂದೂ ಹೇಳಲಾರರು. ಎರಡು ವಾರ ಅವನ ವಿಡಿಯೋ ಕಾಲ್ ಬಂದಾಗಲೆಲ್ಲ ಮಾತು ಮಳೆಯ ಕಡೆಗೇ ಹೋಗುತ್ತಿತ್ತಂತೆ.

ಕೊನೆಗೆ ನಾನೇ ಅವನಿಗೆ ಫೋನ್ ಮಾಡಿದೆ. ಬೇಡ ಎನ್ನಲಿಲ್ಲ. ನಿನ್ನ ಅಂಗಡಿಯಲ್ಲಿ ಪುಡಿ ಮಾಡದ ಇಡೀ ಪಾಚಿ ಇದ್ದರೆ ಅದರ ಫೋಟೋ ಕಳಿಸು, ಉಮ್ಮನ ಡಾಕ್ಟರಿಗೆ ಹೆಸರು ಬೇಕು ಎಂದೆ. ಶುಕ್ರವಾರ ಅವನು ಅಂಗಡಿಗೆ ಹೋಗಿ, ಉಪ್ಪು ಮೆತ್ತಿದ ಹೊಂಬಣ್ಣದ ಪೊಟ್ಟಣ ಬಿಡಿಸಿ, ಅಂಗೈಯಲ್ಲಿಟ್ಟು ಆರು ಫೋಟೋ ಕಳಿಸಿದ. ದಪ್ಪ, ದುಂಡನೆಯ ಕವಲುಗಳು. ಎಲ್ಲೂ ಚಪ್ಪಟೆ ಇಲ್ಲ, ಬೀಸಣಿಗೆಯ ಆಕಾರ ಇಲ್ಲ. ಐರಿಶ್ ಮಾಸ್ ಅಲ್ಲ ಎಂದು ಅಷ್ಟರಿಂದಲೇ ಹೇಳಬಹುದಿತ್ತು. ಕಪ್ಪಾಫೈಕಸ್ಸೋ ಯೂಕೀಮಾವೋ ಎಂಬುದು ಮುಂದಿನ ಪ್ರಶ್ನೆ. ಯೂಕೀಮಾ ಡೆಂಟಿಕ್ಯುಲೇಟಂ ಆದರೆ ಕವಲಿನ ಸುತ್ತ ಬಳೆ ತೊಡಿಸಿದಂತೆ ಮುಳ್ಳಿನ ಸುತ್ತುಗಳಿರುತ್ತವೆ. ಕಪ್ಪಾಫೈಕಸ್ ಹೆಚ್ಚು ನುಣುಪು, ಕವಲಿಗೆ ಕ್ರಮ ಇಲ್ಲ. ಒಣಗಿ, ಪೊಟ್ಟಣದಲ್ಲಿ ಒತ್ತಿ, ಮುಳ್ಳು ಮುರಿದಿದ್ದರೆ ಫೋಟೋದಲ್ಲಿ ಬೇರೆ ಮಾಡಲು ಆಗುವುದಿಲ್ಲ. ಇವೆರಡರಲ್ಲಿ ಒಂದು ಎಂದು ಬರೆದು ಕಳಿಸಿದೆ. ಡಬ್ಬದೊಳಗಿನ ಪುಡಿ ಇದೇ ಪಾಚಿಯದ್ದೇ ಎನ್ನುವುದಕ್ಕೆ ಮಾತ್ರ ಅಂಗಡಿಯವನ ಬಾಯಿಮಾತು ಬಿಟ್ಟು ಬೇರೆ ಆಧಾರ ಇರಲಿಲ್ಲ, ಅದನ್ನೂ ಬರೆದೆ.

ಹುಡುಗ ಬುದ್ಧಿವಂತ. ಸ್ವಲ್ಪ ಹೊತ್ತು ಬಿಟ್ಟು, ಹಾಗಾದರೆ ಡಬ್ಬದ ಮೇಲೆ ಐರಿಶ್ ಎಂದು ಯಾಕೆ ಬರೆದಿದ್ದಾರೆ ಎಂದು ಕೇಳಿದ. ಅದನ್ನು ಅಂಗಡಿಯಲ್ಲೇ ಕೇಳು ಎಂದೆ. ಕೇಳಿದನಂತೆ. ಎಲ್ಲವೂ ಒಂದೇ ಎಂದರಂತೆ.

ಆರು ವಾರದ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಇಳಿದಿತ್ತು, ಇನ್ನೂ ಪೂರ್ತಿ ಸರಿಯಾಗಿಲ್ಲ, ಮಾತ್ರೆಯ ಅಳತೆ ಸ್ವಲ್ಪ ಬದಲಾಗಿದೆ. ಚೈನಾ ಗ್ರಾಸ್ ಪುಡ್ಡಿಂಗ್ ತಿನ್ನಬಹುದಾ ಎಂದು ನಾದಿನಿ ಡಾಕ್ಟರನ್ನು ಮರೆಯದೆ ಕೇಳಿದ್ದಾರೆ. ನೋಂಬಿಗೆ ಒಂದು ಬಟ್ಟಲಿಗೆ ಅಡ್ಡಿಯಿಲ್ಲ ಎಂದಿದ್ದಾರೆ. ಜುಬೈಲಿನಿಂದ ಈ ಸಲ ಬಂದ ಪಾರ್ಸೆಲ್‌ನಲ್ಲಿ ಎರಡು ಕಿಲೋ ಖರ್ಜೂರ ಇತ್ತು. ಅದರಲ್ಲಿ ಅರ್ಧ ಕಿಲೋ ಮೆಟ್ಟುಪಾಳಯಂ ಬಸ್ಸಿನಲ್ಲಿ ನಮ್ಮ ಬೆಟ್ಟಕ್ಕೂ ಬಂತು.